ಕಡಲ ದಂಡೆಯಿಂದ ದಂಡಿನ ಊರಿಗೆ

ತೆಂಗು ಎಂದೊಡನೆ ಕಡಲು ಕಣ್ಣಮುಂದೆ ಬರುತ್ತದೆ. ಆದರೆ ತುರುವೇಕೆರೆ ತಾಲ್ಲೂಕಿನ ದಂಡಿನಶಿವರದಲ್ಲಿ ನಿಂತು ನೋಡಿದರೆ ಕಣ್ಣು ಹಾಯುವಷ್ಟು ದೂರ ತೆಂಗೇ ತೆಂಗು. ಕಡಲು ಮಾತ್ರ ನೂರೈವತ್ತು ಕಿಲೋಮೀಟರಿಗೂ ಆಚೆ. ತೆಂಗು ಕಡಲಿನ ಮರ ಎಂಬುದು ನಾವು ಮಾಡಿಕೊಂಡ ರೂಢಿ. ಮರಕ್ಕೆ ಅದರ ಹಂಗಿಲ್ಲ. ಕೆಲವು ಮನೆಗಳ ಕಥೆಯೂ ಹೀಗೆಯೇ. ಯುರೋಪಿನ ಕಡಲತೀರದ ಬಂಡೆಗಳ ಮೇಲೆ ಒಂದು ಕಾಲಕ್ಕೆ ಬಲು ಮೆರೆದ ಶೋಕಿ ಮನೆಗಳುಂಟು. ಬುರುಜು, ತೆನೆ, ಚೂಪು ಕಮಾನುಗಳನ್ನಿಟ್ಟುಕೊಂಡು ಮಧ್ಯಯುಗದ ಕೋಟೆಯ ವೇಷ ತೊಟ್ಟ ಮನೆಗಳು ಅವು. ಆ ಶೋಕಿ ಕನ್ನಡನಾಡಿಗೆ ಬಂದಾಗ ಮಂಗಳೂರು, ಕಾರವಾರಗಳ ತೀರವನ್ನು ಬಿಟ್ಟು ಕಡಲಮಟ್ಟದಿಂದ ಮೂರು ಸಾವಿರ ಅಡಿ ಮೇಲಿರುವ ಬೆಂಗಳೂರಿನಲ್ಲಿ ಬೇರುಬಿಟ್ಟಿತು. ಬೆಂಗಳೂರು ಅರಮನೆ ಅದರ ದೊಡ್ಡ ಕುರುಹು. ಹಳೆಯ ಬಡಾವಣೆಗಳಲ್ಲಿ ಅಲ್ಲೊಂದು ಇಲ್ಲೊಂದು ಉಳಿದಿರುವ 'ಮಂಕಿ ಟಾಪ್' ಬಂಗಲೆಗಳು ಅದರ ಚಿಕ್ಕ ಸಂತಾನ.

ಬೆಂಗಳೂರು ಅರಮನೆಯ ಬಗ್ಗೆ ಜನಜನಿತವಾದ ಕಥೆಯೊಂದಿದೆ. ಮೈಸೂರಿನ ಮಹಾರಾಜರು ಇಂಗ್ಲೆಂಡಿಗೆ ಹೋಗಿದ್ದರಂತೆ, ಅಲ್ಲಿ ವಿಂಡ್ಸರ್ ಕೋಟೆಯನ್ನು ಕಂಡು ಮನಸೋತರಂತೆ, ಮರಳಿ ಬಂದು ಅದೇ ಮಾದರಿಯ ಅರಮನೆ ಕಟ್ಟಿಸಿದರಂತೆ. ಕೇಳಲು ಚೆನ್ನಾಗಿದೆ. ಇಸವಿಗಳು ಮಾತ್ರ ಇದಕ್ಕೆ ಸಾಕ್ಷಿ ಹೇಳುವುದಿಲ್ಲ. ಈ ಕಟ್ಟಡದ ಕೆಲಸ ಶುರುವಾದದ್ದು 1862ರಲ್ಲಿ. ಕಥೆಯ ನಾಯಕರಾದ ಹತ್ತನೆಯ ಚಾಮರಾಜೇಂದ್ರ ಒಡೆಯರು ಹುಟ್ಟಿದ್ದು 1863ರ ಫೆಬ್ರುವರಿಯಲ್ಲಿ. ಮನೆಯನ್ನು ಅವರ ಹೆಸರಿಗೆ ಕೊಂಡದ್ದು 1873ರಲ್ಲಿ, ಆಗ ಅವರಿಗೆ ಹತ್ತು ವರ್ಷ. ಹಾಗಿದ್ದರೆ ಈ ಬುರುಜುಗಳ ಕನಸು ಕಂಡವರು ಯಾರು, ಅವನ್ನು ಒಬ್ಬ ಹುಡುಗನಿಗಾಗಿ ಕೊಂಡವರು ಯಾರು, ಏಕೆ ಕೊಂಡರು ಎಂಬುದು ದಂತಕಥೆಗಿಂತ ಸ್ವಾರಸ್ಯವಾದ ವಿಷಯ. ಅದನ್ನು ಅರಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಯುರೋಪಿನಲ್ಲಿ ನಿಜವಾದ ಕೋಟೆಗಳ ಕಾಲವನ್ನು ಮುಗಿಸಿದ್ದು ಫಿರಂಗಿ. ಗುಂಡಿಗೆ ಎದುರು ನಿಲ್ಲಲಾರದ ಎತ್ತರದ ಗೋಪುರಗಳು ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ಕೆಲಸವಿಲ್ಲದೆ ಪಾಳುಬಿದ್ದವು. ಕೆಲಸಕ್ಕೆ ಬಾರದ ವಸ್ತು ಚೆಂದವಾಗಿ ಕಾಣತೊಡಗುವುದು ಆಮೇಲೆಯೇ. ಲಂಡನ್ನಿನ ಬಳಿ, ಥೇಮ್ಸ್ ನದಿಯ ದಂಡೆಯ ಟ್ವಿಕೆನ್‌ಹ್ಯಾಮ್‌ನಲ್ಲಿ ಹೊರೇಸ್ ವಾಲ್‌ಪೋಲ್ ಎಂಬ ಶ್ರೀಮಂತ ಲೇಖಕ 1749ರಿಂದ ಮೂರು ದಶಕಗಳ ಕಾಲ ತನ್ನ 'ಸ್ಟ್ರಾಬೆರಿ ಹಿಲ್' ಮನೆಗೆ ಗಾಥಿಕ್ ರೂಪ ಕೊಡುತ್ತಾ ಹೋದ. ಒಳಗಿನ ಕಮಾನುಗಳು ಕಲ್ಲಿನವಲ್ಲ. ಗಾರೆ ಮತ್ತು ಕಾಗದದ ಮುದ್ದೆಯವು. ಹೊರಗಿನ ತೆನೆಗಳೂ ಅಷ್ಟೇ ಗಟ್ಟಿ. ವಾಲ್‌ಪೋಲ್ ತನ್ನ ಆಯುಷ್ಯದಲ್ಲಿ ಮೂರು ಸಲ ಕೋಟೆಯ ತೆನೆಗಳನ್ನು ಸವೆಸಿದ ಎಂದು ಅವನ ಗೆಳೆಯರು ಗೇಲಿ ಮಾಡುತ್ತಿದ್ದರು. ಗೇಲಿ ಏನೇ ಇರಲಿ, ಶೋಕಿ ಅಂಟಿಕೊಂಡಿತು. 1834ರಲ್ಲಿ ಸುಟ್ಟುಹೋದ ಬ್ರಿಟಿಷ್ ಪಾರ್ಲಿಮೆಂಟ್ ಭವನವನ್ನೇ ಮತ್ತೆ ಕಟ್ಟುವಾಗ ಗಾಥಿಕ್ ಶೈಲಿಯನ್ನು ಆರಿಸಿಕೊಂಡ ಮೇಲೆ ಅದಕ್ಕೆ ರಾಷ್ಟ್ರೀಯ ಶೈಲಿಯ ಗೌರವವೂ ಸಿಕ್ಕಿತು.

ಕಡಲತೀರಕ್ಕೆ ಮನೆಗಳು ಹೋದದ್ದು ಬೇರೆ ಕಾರಣಕ್ಕೆ. ಹದಿನೆಂಟನೆಯ ಶತಮಾನದ ನಡುವಿನವರೆಗೆ ಕಡಲು ಬೆಸ್ತರದು, ನಾವಿಕರದು. ಉಳ್ಳವರು ಅದಕ್ಕೆ ಬೆನ್ನು ಹಾಕಿ ಮನೆ ಕಟ್ಟುತ್ತಿದ್ದರು. 1750ರಲ್ಲಿ ರಿಚರ್ಡ್ ರಸೆಲ್ ಎಂಬ ವೈದ್ಯ ಸಮುದ್ರದ ನೀರು ಅನೇಕ ರೋಗಗಳಿಗೆ ಮದ್ದು ಎಂದು ಬರೆದ. ಬ್ರೈಟನ್ ಎಂಬ ಬೆಸ್ತರ ಹಳ್ಳಿ ಅದರಿಂದ ಶ್ರೀಮಂತರ ಪಟ್ಟಣವಾಯಿತು. ಮುಂದೆ ನಾಲ್ಕನೆಯ ಜಾರ್ಜ್ ದೊರೆಯಾದ ಯುವರಾಜ ಅಲ್ಲಿ ಒಂದು ವಿಲಾಸಗೃಹ ಮಾಡಿಕೊಂಡ. ವಾಸ್ತುಶಿಲ್ಪಿ ಜಾನ್ ನ್ಯಾಷ್ 1815ರಿಂದ 1822ರವರೆಗೆ ಅದನ್ನು ತಿದ್ದಿ ಕಟ್ಟಿದ ಬಗೆ ಮಾತ್ರ ಸೋಜಿಗದ್ದು. ಇಂಗ್ಲೆಂಡಿನ ಕಡಲತೀರದಲ್ಲಿ ಮೊಗಲರ ಗುಮ್ಮಟಗಳು, ಮಿನಾರುಗಳು! ಇತ್ತ ಮೈಸೂರಿನ ಹುಡುಗರಾಜನಿಗೆ ಇಂಗ್ಲೆಂಡಿನ ಬುರುಜು, ಅತ್ತ ಇಂಗ್ಲೆಂಡಿನ ಯುವರಾಜನಿಗೆ ಹಿಂದೂಸ್ಥಾನದ ಗುಮ್ಮಟ. ಐವತ್ತು ವರ್ಷಗಳ ಅಂತರದಲ್ಲಿ ನಡೆದ ಈ ಅದಲುಬದಲಿನಲ್ಲಿ ಒಂದು ವ್ಯತ್ಯಾಸವಿತ್ತು. ಜಾರ್ಜ್ ತನಗೆ ಬೇಕಾದುದನ್ನು ತಾನೇ ಆರಿಸಿಕೊಂಡಿದ್ದ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಎರಡೂ ಶೋಕಿಗಳು ಕೂಡಿದವು. ಏಡ್ರಿಯಾಟಿಕ್ ಸಮುದ್ರದ ತೀರದ ಟ್ರಿಯೆಸ್ಟಿನ ಬಳಿ ಆಸ್ಟ್ರಿಯಾದ ರಾಜಕುಮಾರ ಮ್ಯಾಕ್ಸಿಮಿಲಿಯನ್ 1856ರಿಂದ 1860ರವರೆಗೆ 'ಮಿರಾಮಾರೆ' ಎಂಬ ಬಿಳಿಯ ಕೋಟೆಮನೆ ಕಟ್ಟಿಸಿದ. ಒಳಾಂಗಣ ಮುಗಿಯುವ ಮೊದಲೇ, 1864ರಲ್ಲಿ, ಮೆಕ್ಸಿಕೋದ ಚಕ್ರವರ್ತಿಯಾಗಲು ಹಡಗು ಹತ್ತಿದ. 1867ರಲ್ಲಿ ಅಲ್ಲಿಯ ಗಣರಾಜ್ಯದ ಸೈನಿಕರ ಗುಂಡಿಗೆ ಬಲಿಯಾದ. ಇಟಲಿಯ ಜಿನೋವಾದಲ್ಲಿ ಎನ್ರಿಕೊ ದಾಲ್ಬೆರ್ಟಿಸ್ ಎಂಬ ಕಪ್ತಾನ ಬಂದರು ಕಾಣುವ ಗುಡ್ಡದ ಮೇಲೆ 1886ರಿಂದ 1892ರ ನಡುವೆ ಗೋಪುರಗಳ ಮನೆ ಕಟ್ಟಿ, ಲೋಕಸಂಚಾರದಲ್ಲಿ ಕೂಡಿಹಾಕಿದ ವಸ್ತುಗಳನ್ನು ಅದರಲ್ಲಿ ತುಂಬಿದ. ಕ್ರಿಮಿಯಾದ ಗಾಸ್ಪ್ರಾದಲ್ಲಿ ನಲವತ್ತು ಮೀಟರ್ ಎತ್ತರದ ಬಂಡೆಯ ತುದಿಯಲ್ಲಿ 1912ರಲ್ಲಿ ಮುಗಿದ 'ಬಾನಾಡಿಯ ಗೂಡು' ಎಷ್ಟು ಚಿಕ್ಕದೆಂದರೆ ಕೋಟೆಯೆನ್ನಲು ನಗು ಬರುತ್ತದೆ. 1927ರ ಭೂಕಂಪದಲ್ಲಿ ಕೆಳಗಿನ ಬಂಡೆ ಬಿರಿದರೂ ಮನೆ ಮಾತ್ರ ಬೀಳಲಿಲ್ಲ. ಈ ಮನೆಗಳಲ್ಲಿ ಯಾವುದೂ ಶತ್ರುವನ್ನು ಎದುರಿಸಲು ಕಟ್ಟಿದ್ದಲ್ಲ. ಬುರುಜುಗಳು ಕಾಯುತ್ತಿದ್ದುದು ಸಂಜೆಯ ಬೆಳಕನ್ನು.

ಇಂಗ್ಲಿಷರು ಈ ಅಭ್ಯಾಸವನ್ನು ಹಿಂದೂಸ್ಥಾನಕ್ಕೆ ತಂದಾಗ ಕಡಲು ಅವರಿಗೆ ಒಗ್ಗಲಿಲ್ಲ. ಅವರ ದೇಶದಲ್ಲಿ ತೀರವೆಂದರೆ ತಂಪು, ಆರೋಗ್ಯ. ಇಲ್ಲಿ ತೀರವೆಂದರೆ ಬೆವರು ಮತ್ತು ಜ್ವರ. ಬ್ರೈಟನ್ನಿನ ಪಾತ್ರವನ್ನು ಇಲ್ಲಿ ವಹಿಸಿದ್ದು ಬೆಟ್ಟಗಳು: ಶಿಮ್ಲಾ, ಉದಕಮಂಡಲ, ಅಷ್ಟು ಎತ್ತರವಲ್ಲದಿದ್ದರೂ ಹಿತವಾದ ಬೆಂಗಳೂರು. ಶ್ರೀರಂಗಪಟ್ಟಣದಲ್ಲಿ ಮಲೇರಿಯಾದಿಂದ ನರಳುತ್ತಿದ್ದ ಪಡೆಗಳನ್ನು ಬೆಂಗಳೂರಿಗೆ ಸಾಗಿಸಿ 1809ರಲ್ಲಿ ಕಂಟೋನ್ಮೆಂಟನ್ನು ಸ್ಥಾಪಿಸಿದರು. ಜನ ಅದನ್ನು 'ದಂಡು' ಎಂದೇ ಕರೆದರು. ದಂಡಿನಶಿವರದವರಿಗೆ ಈ ಪದವನ್ನು ಬಿಡಿಸಿ ಹೇಳಬೇಕಾಗಿಲ್ಲ; ಊರಿನ ಹೆಸರಿನಲ್ಲೇ ಅದಿದೆ. ದಂಡಿನ ಅಧಿಕಾರಿಗಳಿಗೆ, ಪಾದ್ರಿಗಳಿಗೆ, ನಿವೃತ್ತರಿಗೆ ವಿಶಾಲವಾದ ಕಾಂಪೌಂಡಿನ ನಡುವೆ ಬಂಗಲೆಗಳೆದ್ದವು.

ಇದರಲ್ಲೊಂದು ವ್ಯಂಗ್ಯವಿದೆ. 1791ರ ಮಾರ್ಚಿನಲ್ಲಿ ಕಾರ್ನ್‌ವಾಲಿಸನ ಫಿರಂಗಿಗಳು ಬೆಂಗಳೂರಿನ ನಿಜವಾದ ಕೋಟೆಯನ್ನು ಒಡೆದವು. 1799ರಲ್ಲಿ ಶ್ರೀರಂಗಪಟ್ಟಣದ್ದು ಬಿತ್ತು. ಚಿಕ್ಕನಾಯಕನಹಳ್ಳಿಯನ್ನು ಆಳಿದ ಹಾಗಲವಾಡಿ ಪಾಳೇಗಾರರಂಥವರ ಕೊತ್ತಲಗಳಿಗೆ ಆ ಹೊತ್ತಿಗೆ ಅರ್ಥವೇ ಉಳಿದಿರಲಿಲ್ಲ. ಸೀಮೆಯ ಕೋಟೆಗಳೆಲ್ಲ ಮಣ್ಣುಗೂಡಿದ ಮೇಲೆ ಅವನ್ನು ಕೆಡವಿದವರೇ ತಮ್ಮ ವಾಸದ ಮನೆಗಳಿಗೆ ತೆನೆ ಕಟ್ಟಿಕೊಂಡರು.

ಅಂಥ ಒಂದು ಮನೆಯನ್ನು 1862ರಲ್ಲಿ ಆರಂಭಿಸಿದವರು ರೆವರೆಂಡ್ ಜಾನ್ ಗ್ಯಾರೆಟ್. ಮುಂದೆ ಸೆಂಟ್ರಲ್ ಕಾಲೇಜಾದ ಬೆಂಗಳೂರಿನ ಹೈಸ್ಕೂಲಿಗೆ ಅವರು ಮೊದಲ ಪ್ರಾಂಶುಪಾಲರು. ಆ ಬಳಿಕ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಸ್ಥರು. ಸಾಮಾನ್ಯ ಪಾದ್ರಿಯಲ್ಲ. 1849ರಲ್ಲಿ ಬೆಂಗಳೂರಿನ ವೆಸ್ಲಿಯನ್ ಮಿಷನ್ ಮುದ್ರಣಾಲಯದಿಂದ ಭಗವದ್ಗೀತೆಯನ್ನು ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಒಟ್ಟಿಗೆ ಅಚ್ಚು ಹಾಕಿಸಿದವರು. 1871ರಲ್ಲಿ ಭಾರತೀಯ ಪುರಾಣ, ಸಾಹಿತ್ಯಗಳ ಕೋಶವೊಂದನ್ನೂ ಹೊರತಂದರು. ಕನ್ನಡ ಅಚ್ಚಿನ ಮೊಳೆಗಳ ನಡುವೆ ಬದುಕಿದ ಈ ವ್ಯಕ್ತಿಗೆ ಮನೆ ಕಟ್ಟುವ ಹೊತ್ತಿಗೆ ನೆನಪಾದದ್ದು ಟ್ಯೂಡರ್ ದೊರೆಗಳ ಕಾಲದ ಇಂಗ್ಲೆಂಡು. ಮನುಷ್ಯನ ತಲೆಯಲ್ಲಿ ಓದಿಗೊಂದು ಕೋಣೆ, ವಾಸಕ್ಕೊಂದು ಕೋಣೆ ಇರುತ್ತದೆಂದು ತೋರುತ್ತದೆ.

ಆಗ ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರರ ಕೈಯಲ್ಲಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು 1868ರಲ್ಲಿ ತೀರಿಕೊಂಡಾಗ ದತ್ತುಪುತ್ರ ಚಾಮರಾಜೇಂದ್ರರಿಗೆ ಐದು ವರ್ಷ. ರಾಜ್ಯವನ್ನು ಅವರಿಗೆ ಮರಳಿಸುವುದೆಂದು ಬ್ರಿಟಿಷರು ಒಪ್ಪಿದ್ದರು. ಆದರೆ ಅದಕ್ಕೆ ಮೊದಲು ಅವರನ್ನು ತಮ್ಮ ಅಚ್ಚಿನಲ್ಲಿ ಬೆಳೆಸಬೇಕಿತ್ತು. 1869ರಲ್ಲಿ ಪೋಷಕರಾಗಿ ಬಂದವರು ಜಿ.ಬಿ. ಮ್ಯಾಲಿಸನ್, 1857ರ ಬಂಡಾಯದ ಇತಿಹಾಸಕಾರರೆಂದು ಹೆಸರಾದ ಸೇನಾಧಿಕಾರಿ. ಮೈಸೂರಿನಲ್ಲಿ ಸರದಾರರ ಮಕ್ಕಳ ಜೊತೆ ರಾಜಕುಮಾರನಿಗೆ ಶಾಲೆ ನಡೆಯಿತು. ಇಂಗ್ಲಿಷ್, ಕುದುರೆ ಸವಾರಿ, ಕ್ರಿಕೆಟ್ ಎಲ್ಲವೂ ಪಾಠವೇ. ಆಡಳಿತವೆಲ್ಲ ಬೆಂಗಳೂರಿನಲ್ಲಿದ್ದುದರಿಂದ ಅಲ್ಲಿಯೂ ವಾಸ ಬೇಕಿತ್ತು. ಕೋಟೆಯ ಬಳಿಯ ಟಿಪ್ಪೂ ಅರಮನೆಯಲ್ಲಿ 1831ರಿಂದ 1868ರವರೆಗೆ ಗುಮಾಸ್ತರು ತುಂಬಿದ್ದರು. ಅಠಾರಾ ಕಚೇರಿ ಸಿದ್ಧವಾದ ಮೇಲಷ್ಟೇ ಅದು ತೆರವಾದದ್ದು. ಒಡೆಯರಿಗೆ ತಕ್ಕ ಮನೆ ಊರಿನಲ್ಲಿರಲಿಲ್ಲ. ಹೀಗಾಗಿ 1873ರಲ್ಲಿ ಪೋಷಕರು ಗ್ಯಾರೆಟ್‌ರ ಮನೆಯನ್ನು ನಲವತ್ತು ಸಾವಿರ ರೂಪಾಯಿಗೆ ಕೊಂಡು, ಮುಂದಿನ ವರ್ಷಗಳಲ್ಲಿ ವಿಸ್ತರಿಸಿದರು. ಲಾಲ್‌ಬಾಗಿನ ಜಾನ್ ಕ್ಯಾಮೆರಾನ್ ತೋಟವನ್ನು ರೂಪಿಸಿದರು. ಹುಡುಗ ದೊಡ್ಡವನಾಗುತ್ತಿದ್ದಂತೆ ಮನೆಯೂ ದೊಡ್ಡದಾಯಿತು.

ಆದ್ದರಿಂದ ಈ ಬುರುಜುಗಳನ್ನು ಒಬ್ಬ ರಾಜನ ಮೋಹವೆಂದು ತಿಳಿಯುವುದಕ್ಕಿಂತ ಪಾಠಪಟ್ಟಿಯ ಒಂದು ಭಾಗವೆಂದು ತಿಳಿಯುವುದು ಹೆಚ್ಚು ಸರಿ. ಇಂಗ್ಲಿಷ್ ಪದ್ಯ ಬಾಯಿಪಾಠ ಮಾಡಿದ ಹಾಗೆ ಹುಡುಗ ಇಂಗ್ಲಿಷ್ ಮನೆಯಲ್ಲಿ ಓಡಾಡುವುದನ್ನೂ ಕಲಿಯಬೇಕಿತ್ತು. ವಿಂಡ್ಸರ್ ಕಥೆ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ರಾಜರು ತಾವೇ ಆರಿಸಿಕೊಂಡರು ಎನ್ನುವುದು ಎಲ್ಲರ ಮಾನಕ್ಕೂ ಒಳ್ಳೆಯದು. ಇನ್ನು ವಿಂಡ್ಸರ್ ಕೋಟೆಯ ವಿಚಾರ. ಅದು ಹಳೆಯದು ನಿಜ. ಆದರೆ ಇಂದು ಕಾಣುವ ಅದರ ಗೋಪುರಗಳ ಮಧ್ಯಯುಗೀನ ಗತ್ತು ಬಹುಪಾಲು 1824ರಿಂದೀಚೆಗೆ ವಾಸ್ತುಶಿಲ್ಪಿ ಜೆಫ್ರಿ ವ್ಯಾಟ್‌ವಿಲ್ ಕೊಟ್ಟದ್ದು. ಮಾಡಿಸಿದವನು ಬ್ರೈಟನ್ನಿನಲ್ಲಿ ಗುಮ್ಮಟ ಕಟ್ಟಿಸಿದ ಅದೇ ನಾಲ್ಕನೆಯ ಜಾರ್ಜ್! ಬೆಂಗಳೂರು ಅರಮನೆ ಅದರ ನಕಲೇ ಆಗಿದ್ದರೂ ನಕಲಿನ ನಕಲು ಎನ್ನಬೇಕಾದೀತು.

ಒಳಹೊಕ್ಕರೆ ಚಿತ್ರ ಬದಲಾಗುತ್ತದೆ. ಹೊರಗೆ ಚೂಪು ಕಮಾನು, ಬಣ್ಣದ ಗಾಜು, ಮೈಗೆ ಹಬ್ಬಿದ ಬಳ್ಳಿ. ಒಳಗೆ ಆಕಾಶಕ್ಕೆ ತೆರೆದ ಅಂಗಳಗಳು, ಕುಳಿತು ಮಾತಾಡಲು ಹಾಸುಗಲ್ಲಿನ ಜಗಲಿಗಳು. ಮಹಡಿಯ ದರ್ಬಾರ್ ಹಾಲಿನ ಒಂದು ಪಕ್ಕಕ್ಕೆ ಹೆಂಗಸರು ಕಾಣಿಸಿಕೊಳ್ಳದೆ ನೋಡಲು ಮರೆ. ತುಮಕೂರು ಸೀಮೆಯ ತೊಟ್ಟಿ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಇದು ಪರಿಚಿತ ಲೆಕ್ಕಾಚಾರ. ಹೊರಗೋಡೆಗೆ ಕಿಟಕಿ ಕಡಿಮೆ. ಬೆಳಕು, ಗಾಳಿ, ಸಂಸಾರ ಎಲ್ಲವೂ ನಡುವಿನ ತೊಟ್ಟಿಯ ಸುತ್ತ. ಇಂಗ್ಲಿಷ್ ಬಂಗಲೆ ಹೊರಗೆ ಮುಖ ಮಾಡಿ ಕೂರುತ್ತದೆ, ತೊಟ್ಟಿ ಮನೆ ಒಳಗೆ. ಅರಮನೆ ಎರಡನ್ನೂ ಒಟ್ಟಿಗೆ ಮಾಡಿತು.

ಮನೆಯ ಆಕಾರಕ್ಕೂ ಮನೆಯವರ ಕೆಲಸಕ್ಕೂ ಎಷ್ಟು ನಂಟಿರಬಹುದೆಂಬುದನ್ನು ತಿಪಟೂರು ಸೀಮೆಯ ಅಟ್ಟ ಹೇಳುತ್ತದೆ. ಬಲಿತ ತೆಂಗಿನಕಾಯಿಗಳನ್ನು ಸಿಪ್ಪೆ ಸುಲಿಯದೆ ಅಟ್ಟಕ್ಕೆ ಏರಿಸಿ, ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿ ಚಿಪ್ಪಿನಲ್ಲಿ ಗಡಗಡ ಅಲುಗುವವರೆಗೆ ಹತ್ತು ಹನ್ನೊಂದು ತಿಂಗಳು ಕಾಯುತ್ತಾರೆ. ಆ ಭಾರಕ್ಕೆ ತೊಲೆ, ಆ ಗಾಳಿಗೆ ಸಂದು. ಬುರುಜಿಗೆ ಇಂಥ ಕೆಲಸವೇನೂ ಇರಲಿಲ್ಲ. ಗಾಥಿಕ್ ಬಂಗಲೆಯ ಒಂದು ಭಾಗ ಮಾತ್ರ ಬೆಂಗಳೂರಿನಲ್ಲಿ ಕೆಲಸ ಕಲಿತುಕೊಂಡಿತು. ಅದೇ ಮಂಕಿ ಟಾಪ್.

ಕಿಟಕಿಯ ಮೇಲೆ, ಪೋರ್ಟಿಕೋದ ಮುಂದೆ ತ್ರಿಕೋನವಾಗಿ ಚೂಪಾಗಿ ಚಾಚಿದ ಮರದ ಟೋಪಿ ಅದು. ಸಣ್ಣ ಸಣ್ಣ ಪಟ್ಟಿಗಳನ್ನು ಒತ್ತೊತ್ತಾಗಿ ನಿಲ್ಲಿಸಿ ಮಾಡಿದ್ದು; ಅಂಚಿಗೆ ಕೊರೆದ ಮರದ ಲೇಸು. ಮೂಲದಲ್ಲಿ ಗಾಥಿಕ್ ಕಮಾನಿನ ಅಲಂಕಾರವಾದರೂ ಇಲ್ಲಿನ ಬಡಗಿಗಳ ಕೈಯಲ್ಲಿ ಅದು ಬಿಸಿಲು ತಡೆದು, ಎರಚಲು ಮಳೆ ತಡೆದು, ಗಾಳಿಯನ್ನು ಮಾತ್ರ ಒಳಗೆ ಬಿಡುವ ಉಪಕರಣವಾಯಿತು. ಮೇಲೆ ಹೊದಿಸಲು ಮಂಗಳೂರು ಹೆಂಚು ಬಂತು. ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಕೊನೆಗೂ ಕಡಲತೀರ ಬೆಂಗಳೂರಿನ ಬಂಗಲೆಗೆ ಕೊಟ್ಟ ಕಾಣಿಕೆ ಅದೊಂದೇ ಇರಬೇಕು. ಚಾಮರಾಜೇಂದ್ರ ಒಡೆಯರು ಆಂಗ್ಲೋ ಇಂಡಿಯನ್ನರಿಗೆ ಕೊಟ್ಟ ಭೂಮಿಯಲ್ಲಿ 1882ರಲ್ಲಿ ಹುಟ್ಟಿದ ವೈಟ್‌ಫೀಲ್ಡಿನಲ್ಲಿ ಈ ಮಾದರಿ ಹಬ್ಬಿತು. 1898ರ ಪ್ಲೇಗಿನ ನಂತರ ಬೆಳೆದ ಮಲ್ಲೇಶ್ವರ, ಬಸವನಗುಡಿಗಳಲ್ಲಿ ವಕೀಲರು, ಅಮಲ್ದಾರರು, ಮೇಷ್ಟ್ರುಗಳು ಕೂಡ ಅದನ್ನು ಕಟ್ಟಿಸಿಕೊಂಡರು. ಮೇಲೆ ಮಂಕಿ ಟಾಪ್, ಬಾಗಿಲಿಗೆ ಮಾವಿನ ತೋರಣ, ಹಿತ್ತಲಲ್ಲಿ ತುಳಸಿ ಕಟ್ಟೆ. ಯಾರಿಗೂ ಅದು ಪರದೇಶದ್ದು ಎನಿಸಲಿಲ್ಲ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ನಮ್ಮದೇ ಮಧ್ಯಯುಗ ಎಲ್ಲಿ ಹೋಯಿತು? ಇಂಗ್ಲೆಂಡಿನ ಮೂರನೆಯ ಹೆನ್ರಿ ಗಾಥಿಕ್ ಶೈಲಿಯಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬೆಯನ್ನು ಮತ್ತೆ ಕಟ್ಟಿಸಲು ಆರಂಭಿಸಿದ್ದು 1245ರಲ್ಲಿ. ಮರುವರ್ಷವೇ, 1246ರಲ್ಲಿ, ತಿಪಟೂರಿಗೆ ಸಮೀಪದ ನುಗ್ಗೇಹಳ್ಳಿಯಲ್ಲಿ ಹೊಯ್ಸಳ ವೀರ ಸೋಮೇಶ್ವರನ ದಂಡನಾಯಕ ಬೊಮ್ಮಣ್ಣ ಲಕ್ಷ್ಮೀನರಸಿಂಹ ದೇವಾಲಯ ಕಟ್ಟಿಸಿದ. ಬೈಚೋಜ, ಮಲ್ಲಿತಮ್ಮರು ಅಲ್ಲಿಯ ಶಿಲ್ಪಿಗಳು. ಅರಳಗುಪ್ಪೆ, ತುರುವೇಕೆರೆ, ವಿಘ್ನಸಂತೆಗಳ ಗುಡಿಗಳೂ ಆ ಶತಮಾನದವೇ. ಕಲ್ಲಿನ ಕೆಲಸದಲ್ಲಿ ಯಾವುದೂ ಯಾರಿಗೂ ಕಡಿಮೆಯಲ್ಲ. ಆದರೆ ಇಂಗ್ಲಿಷರು ಚರ್ಚಿನ ಕಮಾನನ್ನು ಮನೆಗೆ, ರೈಲು ನಿಲ್ದಾಣಕ್ಕೆ, ಹೋಟೆಲಿಗೆ ಎಳೆದು ತಂದ ಹಾಗೆ ನಮ್ಮವರು ಗುಡಿಯ ಭಿತ್ತಿಯನ್ನು ವಾಸದ ಮನೆಗೆ ತರಲಿಲ್ಲ. ದೇವರಿಗೆ ಸಲ್ಲುವುದು ಮನುಷ್ಯರಿಗೆ ಸಲ್ಲದು ಎಂಬ ಸಂಕೋಚ ಇದ್ದಿರಬೇಕು. ಚೂಪು ಕಮಾನಾದರೂ ಇಂಗ್ಲಿಷರ ಆಸ್ತಿಯೇ? ಕಲಬುರಗಿಯ ಜಾಮಿ ಮಸೀದಿಯಲ್ಲಿ 1367ರಲ್ಲೇ ಅದಿದೆ. ಕೈರೋದಲ್ಲಿ ಅದಕ್ಕೂ ಐದು ಶತಮಾನ ಹಿಂದೆ. ಗಾಥಿಕ್ ಕಮಾನು ಅರಬರಿಂದ ಬಂದದ್ದೆಂದು ಲಂಡನ್ನಿನ ಕ್ರಿಸ್ಟೋಫರ್ ರೆನ್ನನೇ ನಂಬಿದ್ದ.

ಒಡೆಯರ ಮನೆತನಕ್ಕೆ ತಾನೇ ಆರಿಸಿಕೊಳ್ಳುವ ಸಂದರ್ಭ ಬಂದದ್ದು 1897ರಲ್ಲಿ, ಮೈಸೂರಿನ ಹಳೆಯ ಮರದ ಅರಮನೆ ಸುಟ್ಟುಹೋದಾಗ. ಚಾಮರಾಜೇಂದ್ರರು 1894ರ ಕೊನೆಯಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡಿದ್ದರು. ಇನ್ನೂ ಮೂವತ್ತೆರಡು ತುಂಬಿರಲಿಲ್ಲ. ರಾಜಪ್ರತಿನಿಧಿಯಾಗಿದ್ದ ಅವರ ರಾಣಿ ವಾಣಿವಿಲಾಸ ಸನ್ನಿಧಾನ ಕರೆಸಿದ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್. 1888ರಲ್ಲಿ ಶಿಮ್ಲಾದ ವೈಸರಾಯ್ ನಿವಾಸವನ್ನು ಹಳೆಯ ಇಂಗ್ಲೆಂಡಿನ ಕೋಟೆಮನೆಯಂತೆ ಕಟ್ಟಿ ಮುಗಿಸಿದವರು ಅವರೇ. ಮೈಸೂರಿನಲ್ಲಿ ಅದೇ ಕೈ ಗುಮ್ಮಟ, ಕಮಾನು, ಕಲ್ಯಾಣಮಂಟಪಗಳನ್ನು ಬೆರೆಸಿತು. 1912ರ ಹೊತ್ತಿಗೆ ಸುಮಾರು 41 ಲಕ್ಷ ರೂಪಾಯಿ ಖರ್ಚಾಯಿತು. ಇನ್ನೂ ಮುಂದೆ, ಸ್ವಾತಂತ್ರ್ಯ ಬಂದ ಮೇಲೆ, ಬೆಂಗಳೂರು ನೋಡಲು ಬಂದ ರಷ್ಯದ ನಿಯೋಗವೊಂದು ಇಲ್ಲಿನ ಯುರೋಪಿಯನ್ ಕಟ್ಟಡಗಳನ್ನು ಕಂಡು, ನಿಮಗೆ ನಿಮ್ಮದೇ ವಾಸ್ತುಶಿಲ್ಪವಿಲ್ಲವೇ ಎಂದು ಕೇಳಿತೆಂದೂ, ಆ ಮಾತು ಕೆಂಗಲ್ ಹನುಮಂತಯ್ಯನವರಿಗೆ ನಾಟಿತೆಂದೂ ಹೇಳುತ್ತಾರೆ. 1956ರಲ್ಲಿ ಮುಗಿದ ವಿಧಾನಸೌಧ ಅದಕ್ಕೆ ಉತ್ತರ. ಕನ್ನಡನಾಡಿನ ಮಧ್ಯಯುಗ ಕೊನೆಗೆ ಮರುಹುಟ್ಟು ಪಡೆದದ್ದು ಕಚೇರಿಯಾಗಿ.

ಬಂಗಲೆಗಳಿಗೆ ಈ ಅದೃಷ್ಟವಿಲ್ಲ. ಜಾನೆಟ್ ಪಾಟ್ ಎಂಬ ಮಹಿಳೆ ತಮ್ಮ ಜೊತೆಗಾರ್ತಿಯರೊಡನೆ ಬೆಂಗಳೂರಿನ ಹಳೆಯ ಬಂಗಲೆಗಳನ್ನು ದಾಖಲಿಸಿ 1977ರಲ್ಲಿ ಪುಸ್ತಕ ತಂದರು. ಆ ಪುಟಗಳಲ್ಲಿರುವ ಎಷ್ಟೋ ಮನೆಗಳು ನೆಲದ ಮೇಲೆ ಇಲ್ಲ. ಒಂದು ಮನೆ ಇದ್ದ ಕಾಂಪೌಂಡಿನಲ್ಲಿ ನಲವತ್ತು ಮನೆಗಳು ಏಳಬಹುದಾದಾಗ ಮರದ ಟೋಪಿಗೆ ಬೆಲೆ ಕಟ್ಟುವವರು ಯಾರು? ಗುಡಿಯಾಗಿದ್ದರೆ ಪುರಾತತ್ವ ಇಲಾಖೆ ಬರುತ್ತಿತ್ತು. ಅರಮನೆಯಾಗಿದ್ದರೆ ಪತ್ರಿಕೆಗಳು ಬರೆಯುತ್ತಿದ್ದವು. ನಿವೃತ್ತ ಅಮಲ್ದಾರರ ಮನೆ ಇವೆರಡೂ ಅಲ್ಲ. ಅಣ್ಣತಮ್ಮಂದಿರ ಪಾಲಾಗುವ ದಿನ ಅದರ ಆಯುಷ್ಯ ಮುಗಿಯುತ್ತದೆ.

ಅರಮನೆಯನ್ನು 2005ರಲ್ಲಿ ಶ್ರೀಕಂಠದತ್ತ ನರಸಿಂಹರಾಜ ಒಡೆಯರು ಸಾರ್ವಜನಿಕರಿಗೆ ತೆರೆದರು. ಅದಕ್ಕೆ ಮೊದಲೇ ಅದರ ಸುತ್ತಲಿನ ನೆಲ ನ್ಯಾಯಾಲಯ ಸೇರಿತ್ತು. ಅರಮನೆಯನ್ನೂ ಅದರ 470ಕ್ಕೂ ಹೆಚ್ಚು ಎಕರೆಯನ್ನೂ 11 ಕೋಟಿ ರೂಪಾಯಿ ಪರಿಹಾರಕ್ಕೆ ವಶಪಡಿಸಿಕೊಳ್ಳಲು ರಾಜ್ಯ ಸರ್ಕಾರ 1996ರಲ್ಲಿ ಕಾಯ್ದೆ ಮಾಡಿತು. 1997ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ರಾಜಮನೆತನ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ರಸ್ತೆ ಅಗಲಿಸಲು ಬಳಸುವ ಹದಿನೈದು ಎಕರೆ ಚಿಲ್ಲರೆ ನೆಲಕ್ಕೆ ಅಭಿವೃದ್ಧಿ ಹಕ್ಕು ಪತ್ರ ಕೊಡಬೇಕೆಂದು 2024ರ ಡಿಸೆಂಬರಿನಲ್ಲಿ ಆ ನ್ಯಾಯಾಲಯ ಹೇಳಿದಾಗ, ಅದರ ಬೆಲೆ ಮೂರು ಸಾವಿರ ಕೋಟಿ ರೂಪಾಯಿ ಮೀರುತ್ತದೆಂದು ಲೆಕ್ಕ ಹಾಕಿದ ಸರ್ಕಾರ 2025ರ ಜನವರಿಯಲ್ಲಿ ಸುಗ್ರೀವಾಜ್ಞೆಗೆ ಮುಂದಾಯಿತು. ಮೂರು ದಶಕಗಳ ಈ ವಾದವಿವಾದದಲ್ಲಿ ಎಕರೆ, ಗುಂಟೆಗಳ ಲೆಕ್ಕವೇ ಹೆಚ್ಚು. ಗ್ಯಾರೆಟ್‌ರ ಬುರುಜುಗಳ ಮಾತು ಅದರಲ್ಲಿ ಅಪರೂಪ.